ಕೇಬಲ್ ಮಾಮನ ಕಲ್ಲು

ಹೋದ ತಿಂಗಳು ದಾವಣಗೆರೆಯ ವಿನೋಬನಗರದ ನಮ್ಮ ಹಳೆಯ ಮನೆಗೆ ಬಣ್ಣ ಹೊಡೆಸುವಾಗ, ಕೆಲಸದವರು ಹೊರಗೋಡೆಯಿಂದ ಒಂದು ಕಪ್ಪು ವೈರನ್ನು ಕಿತ್ತು ಅಂಗಳಕ್ಕೆ ಎಸೆದರು. ಹಳೇ ಕಾಲದ ಟಿ.ವಿ. ಕೇಬಲ್. ಬಿಸಿಲಿಗೆ ಒಣಗಿ ಸಿಪ್ಪೆ ಬಿರಿದಿತ್ತು. ಒಳಗೆ ನೊರೆಯಂಥ ಬಿಳಿ ಪ್ಲಾಸ್ಟಿಕ್, ಅದರ ಸುತ್ತ ಹೆಣೆದ ಸಣ್ಣ ತಂತಿಯ ಬಲೆ, ನಟ್ಟನಡುವೆ ತಾಮ್ರದ ಒಂದು ಎಳೆ. ಎತ್ತಿಕೊಂಡು ಮೂಸಿದೆ. ಯಾಕೆ ಮೂಸಿದೆನೋ ಗೊತ್ತಿಲ್ಲ. ಕಾದ ರಬ್ಬರಿನ ಜೊತೆ ಬೆಸುಗೆಯ ರಾಳದ ವಾಸನೆ ಇನ್ನೂ ಇತ್ತು... ಅಥವಾ ಇದೆ ಅಂತ ನನಗನ್ನಿಸಿತು. ಆ ವಾಸನೆಗೆ ಮೊದಲು ಎದ್ದು ಬಂದದ್ದು ಒಬ್ಬ ಮನುಷ್ಯನ ಮುಖವಲ್ಲ, ಒಂದು ಹೆದರಿಕೆ. ಮುಖ ಆಮೇಲೆ ಬಂತು.

ಬೀದಿಯ ಮಕ್ಕಳೆಲ್ಲ ಅವರನ್ನು ಕೇಬಲ್ ಮಾಮ ಅನ್ನುತ್ತಿದ್ದೆವು. ಊರಿನ ಪಕ್ಕದ ಬಾತಿ ಎಂಬ ಹಳ್ಳಿಯವರು. ಅಣ್ಣಂದಿರು ಅಲ್ಲೇ ಹೊಲ ಮಾಡಿಕೊಂಡಿದ್ದರು, ಇವರೊಬ್ಬರು ಪ್ಯಾಟೆಗೆ ಬಂದು, ರೇಡಿಯೋ ರಿಪೇರಿ ಕಲಿತು, ಕೊನೆಗೆ ನಮ್ಮ ಬೀದಿಯ ತುದಿಯ ಮನೆಯ ಮಾಳಿಗೆಯ ಮೇಲೆ ದೊಡ್ಡ ದೊಡ್ಡ ಡಿಶ್‌ಗಳನ್ನು ನಿಲ್ಲಿಸಿ ಸುತ್ತಮುತ್ತಲ ನಾಲ್ಕಾರು ಬೀದಿಗಳಿಗೆ ಕೇಬಲ್ ಎಳೆದಿದ್ದರು. ಹೆಗಲ ಮೇಲೆ ವೈರಿನ ಸುರುಳಿ, ಜೇಬಿನಲ್ಲಿ ಇಕ್ಕಳ, ಕಾಲಲ್ಲಿ ಚಪ್ಪಲಿಯಿಲ್ಲ. ಕಂಬ ಹತ್ತಿದರೆಂದರೆ ನೋಡುವವರ ಅಂಗಾಲು ಜುಮ್ಮೆನ್ನಬೇಕು. ಒಂದು ಮನೆಯ ತಾರಸಿಯಿಂದ ಇನ್ನೊಂದರ ತಾರಸಿಗೆ, ಕೆಳಗೆ ಬೀದಿ ಇಲ್ಲವೇನೋ ಎಂಬಂತೆ ದಾಟಿಬಿಡುತ್ತಿದ್ದರು. ನಮ್ಮಮ್ಮ ಅಡುಗೆಮನೆಯ ಕಿಟಕಿಯಿಂದಲೇ ಕೂಗುವರು, "ನಿಧಾನ್ರಿ, ಬಿದ್ಗಿದ್ದೀರಿ!" ಅವರು ಮೇಲಿಂದಲೇ ನಗುತ್ತಿದ್ದರು. ಹೆದರಿಕೆ ಅನ್ನುವುದು ಆ ಮನುಷ್ಯನ ಹತ್ತಿರ ಸುಳಿದಿರಲಿಲ್ಲ, ಮಗಳು ಹುಟ್ಟುವ ತನಕ.

ಅವರ ಹೆಂಡತಿಯನ್ನು ನಾನು ಅತ್ತೆ ಅನ್ನುತ್ತಿದ್ದೆ. ಅತ್ತೆಗೆ ಮೊದಲು ಎರಡು ಸಲ ಬಸಿರು ಇಳಿದು ಹೋಗಿತ್ತು. ಮೂರನೆಯದು ಉಳಿಯಿತು. ದಕ್ಷಿಣದ ಕಡಲು ಎದ್ದು ಊರೂರನ್ನೇ ಬಳಿದುಕೊಂಡು ಹೋಯಿತಲ್ಲ, ಆ ಸುನಾಮಿಯ ವರ್ಷ ಮಳೆಗಾಲದಲ್ಲಿ ಆ ಮಗು ಹುಟ್ಟಿದ್ದು. ಮಾಮ ಮಗಳನ್ನು ಎತ್ತಿಕೊಳ್ಳುವುದನ್ನು ನೋಡಬೇಕಿತ್ತು. ಕಂಬದ ತುದಿಯಲ್ಲಿ ಒಂದೇ ಕೈಯಲ್ಲಿ ಜೋತಾಡುತ್ತಿದ್ದ ಮನುಷ್ಯ, ಮಗುವನ್ನು ಎತ್ತಿಕೊಂಡು ಎರಡು ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದರು.

ಆ ಡಿಸೆಂಬರಿನಲ್ಲಿ ನಾನು ಪಿಯುಸಿ ವಿಜ್ಞಾನ ಓದುತ್ತಿದ್ದೆ. ಅಲೆ ಬಂದ ಮಾರನೆಯ ದಿನವೋ ಅದರ ಮಾರನೆಯ ದಿನವೋ, ಮಧ್ಯಾಹ್ನ, ಮಾಮ ನಮ್ಮ ಮನೆಗೆ ಬಂದು ಅಂಗಳದಲ್ಲೇ ನಿಂತು, "ಪುಟ್ಟಿ, ಒಂಚೂರು ಮ್ಯಾಲೆ ಬರ್ತೀಯೇನವ್ವ? ಇಂಗ್ಲಿಷ್‌ನಾಗೆ ಏನೋ ಹೇಳ್ತದಾರೆ, ನಂಗೆ ತಿಳೀವಲ್ದು" ಅಂದರು.

ಅವರ ಕಂಟ್ರೋಲ್ ರೂಮು ಅಂದರೆ ಮಾಳಿಗೆಯ ಮೇಲಿನ ಶೀಟಿನ ಕೋಣೆ. ಗೋಡೆಯುದ್ದಕ್ಕೂ ಯಂತ್ರಗಳು, ಅವುಗಳ ಮೇಲೆ ಸಾಲಾಗಿ ಸಣ್ಣ ಸಣ್ಣ ಟಿ.ವಿ.ಗಳು. ಎಲ್ಲದರಲ್ಲೂ ಒಂದೇ ಅಲೆ. ಒಂದರಲ್ಲಿ ಬಂದು ಬಡಿಯುತ್ತಿದ್ದರೆ ಇನ್ನೊಂದರಲ್ಲಿ ಆಗಷ್ಟೇ ಏಳುತ್ತಿತ್ತು, ಮತ್ತೊಂದರಲ್ಲಿ ಇಳಿದು ಹೋದ ಮೇಲೆ ಉಳಿದ ಕೆಸರು. ಶಬ್ದವಿರಲಿಲ್ಲ. ಮಾಮ ಎರಡು ದಿನದಿಂದ ಅದರ ಮುಂದೆಯೇ ಕೂತಿದ್ದರೆಂದು ಅತ್ತೆ ಆಮೇಲೆ ಹೇಳಿದರು. ಅವರು ತೋರಿಸಿದ ಟಿ.ವಿ.ಯಲ್ಲಿ ಅಲೆಯ ಚಿತ್ರದ ಕೆಳಗೆ ಒಂದು ಸಾಲು ಹರಿದು ಹೋಗುತ್ತಿತ್ತು. ಸೂರ್ಯನ ಸುತ್ತ ತಿರುಗುವ ಒಂದು ಬಂಡೆ, ಕ್ಷುದ್ರಗ್ರಹ, ಎರಡು ಸಾವಿರದ ಇಪ್ಪತ್ತೊಂಬತ್ತರ ಏಪ್ರಿಲ್‌ನಲ್ಲಿ ಭೂಮಿಗೆ ಬಡಿಯುವ ಸಂಭವ ಇದೆ ಅಂತ. ನೂರರಲ್ಲಿ ಮೂರಕ್ಕೆ ಸ್ವಲ್ಪ ಕಡಿಮೆ ಅಂತ.

ನಾನು ಓದಿ ಹೇಳಿದೆ. ಅವರು ಬೆರಳು ಮಡಿಸಿ ಮಗಳ ವಯಸ್ಸು ಲೆಕ್ಕ ಹಾಕಿದರು. ಆಗ ಅವಳಿಗೆ ಇಪ್ಪತ್ತನಾಲ್ಕು ತುಂಬಿ ಇಪ್ಪತ್ತೈದು ನಡೆಯುತ್ತಿರುತ್ತದೆ.

"ನೂರರಾಗೆ ಮೂರು ಅಂದ್ರೆ ಭಾಳ ಆತಲ್ಲವ್ವ" ಅಂದರು. ಮುಂದೆ ಅಲೆ ಮತ್ತೆ ಮತ್ತೆ ಏಳುತ್ತಿತ್ತು. ಅದು ಬರುತ್ತದೆಂದು ಹಿಂದಿನ ದಿನ ಯಾರಿಗಾದರೂ ಗೊತ್ತಿತ್ತೇ ಅಂತ ಅವರು ಕೇಳಲಿಲ್ಲ. ನನ್ನ ತಲೆಯಲ್ಲಿ ಮಾತ್ರ ಆ ಪ್ರಶ್ನೆ ಬಂತು.

ಅಲ್ಲಿಂದ ಶುರುವಾಯಿತು. ಕಾಲೇಜಿನ ದಾರಿಯಲ್ಲಿ ಒಂದು ಸೈಬರ್ ಕೆಫೆ ಇತ್ತು. ನಾನು ಅಲ್ಲಿ ಓದಿ ಬಂದು ಮಾಮನಿಗೆ ಹೇಳಬೇಕು, ಅವರು ಕೇಳಬೇಕು. ಅವರಿಗಾಗಿ ಓದುತ್ತೇನೆ ಅಂದುಕೊಂಡಿದ್ದೆ, ನಿಜವಾಗಿ ನನಗೂ ರಾತ್ರಿ ನಿದ್ದೆ ಕೆಡುತ್ತಿತ್ತು. ಕೆಲವೇ ದಿನಗಳಲ್ಲಿ ಒಳ್ಳೆಯ ಸುದ್ದಿಯೇ ಬಂತು. ಕೆಲವು ತಿಂಗಳ ಹಿಂದೆ ಯಾರೋ ತೆಗೆದಿದ್ದ ಆಕಾಶದ ಚಿತ್ರಗಳಲ್ಲಿ ಅದೇ ಬಂಡೆ ಸಿಕ್ಕಿತ್ತು, ಅದರಿಂದ ದಾರಿಯನ್ನು ಇನ್ನಷ್ಟು ಸರಿಯಾಗಿ ಎಣಿಸಲು ಬಂದು, ಇಪ್ಪತ್ತೊಂಬತ್ತರಲ್ಲಿ ಬಡಿಯುವುದಿಲ್ಲ ಎಂದು ಗೊತ್ತಾಗಿತ್ತು. ಓಡಿ ಹೋಗಿ ಹೇಳಿದೆ. ಮಾಮ ಕೈಯಲ್ಲಿದ್ದ ಬೆಸುಗೆ ಕಡ್ಡಿಯನ್ನು ಕೆಳಗಿಟ್ಟು ಕಣ್ಣು ಮುಚ್ಚಿಕೊಂಡರು. ಆಮೇಲೆ ಕೇಳಿದರು, "ಮತ್ತ ಎಷ್ಟು ದೂರ ಹೋಗ್ತೈತೆ?"

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅವರು ಕೇಳಿದ್ದರು, ನನಗೆ ಗೊತ್ತಿತ್ತು. ಭೂಮಿಯಿಂದ ಮೂವತ್ತು ಚಿಲ್ಲರೆ ಸಾವಿರ ಕಿಲೋಮೀಟರು ಅಂದೆ. ಬೇರೆ ಯಾರಿಗೇ ಹೇಳಿದ್ದರೂ "ಅಷ್ಟು ದೂರಾನಾ, ಬಿಡು" ಅನ್ನುತ್ತಿದ್ದರು. ಮಾಮನ ಮುಖದ ಬಣ್ಣವೇ ಇಳಿಯಿತು. ಅವರ ಡಿಶ್‌ಗಳು ದಿನಾ ಮುಖ ಮಾಡಿ ನಿಲ್ಲುತ್ತಿದ್ದ ಉಪಗ್ರಹಗಳು ಇರುವುದು ಮೂವತ್ತಾರು ಸಾವಿರ ಕಿಲೋಮೀಟರು ಎತ್ತರದಲ್ಲಿ. ಆ ದೂರವನ್ನು ಅವರು ಕೈಯಾರೆ ಬಲ್ಲವರು. ಡಿಶ್ಶನ್ನು ಕೂದಲೆಳೆಯಷ್ಟು ಆಚೆ ತಿರುಗಿಸಿದರೆ ಚಿತ್ರ ಹೋಯಿತು, ಈಚೆ ತಂದರೆ ಬಂತು.

"ನಮ್ಮ ಸೆಟಲೈಟಿಗಿಂತ ಈಚೆ!" ಅಂದರು. "ಅಂದ್ರೆ ನಮ್ಮ ಮನಿ ಹಿತ್ಲಾಗೆ ಬಂದು ಹೋದಂಗೆ."

ನಮಗೆಲ್ಲ ಆಕಾಶ ಅಂದರೆ ಬರೀ ದೂರ. ಅವರಿಗೆ ಅದರಲ್ಲಿ ವಿಳಾಸಗಳಿದ್ದವು. ಹಾಗಾಗಿಯೇ ಅವರು ನಮ್ಮೆಲ್ಲರಿಗಿಂತ ಹೆಚ್ಚು ಹೆದರಿದರು ಅಂತ ಈಗ ಅನ್ನಿಸುತ್ತದೆ.

ಮುಂದಿನ ವರ್ಷ ಅದಕ್ಕೆ ಹೆಸರಿಟ್ಟರು. ಅಲ್ಲಿಯವರೆಗೆ ಬರೀ ಅಂಕಿ ಅಕ್ಷರಗಳಿದ್ದವು. ಅಪೊಫಿಸ್ ಅಂತ, ಹಳೆಯ ಈಜಿಪ್ಟಿನ ಕತೆಗಳಲ್ಲಿ ಸೂರ್ಯನನ್ನು ನುಂಗಲು ಬರುವ ಕತ್ತಲೆಯ ಹಾವಿನ ಹೆಸರು. ಮಾಮನಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. "ಹಾವಿನ ಹೆಸರು ಯಾಕ ಇಡಬೇಕಿತ್ತು? ಬ್ಯಾರೆ ಸಿಗಲಿಲ್ಲೇನು ಅವರಿಗೆ?" ಅಂದರು. ಅವರು ಕೊನೆಯ ತನಕ ಆ ಹೆಸರನ್ನು ಬಾಯಿಂದ ಆಡಲಿಲ್ಲ. 'ಆ ಕಲ್ಲು' ಅಂತಲೇ ಅನ್ನುತ್ತಿದ್ದರು. ಮನೆಯಲ್ಲಿ ಯಾರಾದರೂ ಇದ್ದರೆ ಅದೂ ಇಲ್ಲ, "ಏನಂತವ್ವ ಸಮಾಚಾರ?" ಅಷ್ಟೇ.

ಒಂದು ಸಲ ಅದರ ದಾರಿ ಹೇಗಿದೆ ಅಂತ ಕೇಳಿದರು. ಕಂಟ್ರೋಲ್ ರೂಮಿನ ಧೂಳು ಹಿಡಿದ ಮೇಜಿನ ಮೇಲೆ ಬೆರಳಿನಿಂದ ಬರೆದು ತೋರಿಸಿದೆ. ನಡುವೆ ಸೂರ್ಯ. ಅದರ ಸುತ್ತ ನಮ್ಮ ಭೂಮಿಯ ದುಂಡನೆಯ ದಾರಿ. ಕಲ್ಲಿನದು ಅದಕ್ಕಿಂತ ಸ್ವಲ್ಪ ಉದ್ದಕ್ಕೆ ಎಳೆದ ದಾರಿ. ಒಳಗೆ ಶುಕ್ರನ ಹತ್ತಿರದವರೆಗೆ ಹೋಗಿ, ತಿರುಗಿ ಹೊರಗೆ ನಮ್ಮ ದಾರಿಯನ್ನು ಸ್ವಲ್ಪ ದಾಟಿ ಮತ್ತೆ ಒಳಗೆ ಹೋಗುತ್ತದೆ. ನಮ್ಮ ಒಂದು ವರ್ಷ ತುಂಬುವ ಮುಂಚೆಯೇ ಅದರದು ಒಂದು ಸುತ್ತು ಮುಗಿದಿರುತ್ತದೆ. ಎರಡೂ ದಾರಿ ಸೇರುವ ಜಾಗಕ್ಕೆ ಇಬ್ಬರೂ ಒಂದೇ ಹೊತ್ತಿಗೆ ಬಂದರೆ ಮಾತ್ರ ಅಪಾಯ ಮಾಮ, ಅಂದೆ.

"ರೈಲ್ವೆ ಗೇಟ್ ಇದ್ದಂಗೆ" ಅಂದರು ಮಾಮ.

"ಹೂಂ, ಹಂಗೇ."

ಅವರು ಮೇಜಿನ ಮೇಲಿನ ಆ ಗೆರೆಗಳನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ, "ಗೇಟ್ ಹಾಕೋರು ಯಾರೂ ಇಲ್ಲಲ್ಲವ್ವ ಅಲ್ಲಿ" ಅಂದರು.

ಮುನ್ನೂರೈವತ್ತು ಮೀಟರಿನ ಆಸುಪಾಸು ಅಗಲದ ಬಂಡೆ, ನಮ್ಮ ಬೀದಿಯ ಈ ತುದಿಯಿಂದ ಆ ತುದಿಗೂ ಮಿಕ್ಕುವಷ್ಟು ದೊಡ್ಡದು, ಹಗಲು ರಾತ್ರಿ ಸದ್ದಿಲ್ಲದೆ ಸುತ್ತುತ್ತಲೇ ಇದೆ. ನಾವು ಅಕ್ಕಿ ಆರಿಸುವಾಗ, ಬಸ್ಸಿಗೆ ಕಾಯುವಾಗ, ಪರೀಕ್ಷೆ ಬರೆಯುವಾಗ ಅದೂ ನಡೆಯುತ್ತಲೇ ಇದೆ. ಅದಕ್ಕೆ ನಮ್ಮ ಮೇಲೆ ಸಿಟ್ಟಿಲ್ಲ, ಕರುಣೆಯಿಲ್ಲ... ನಾವಿದ್ದೇವೆಂಬುದೇ ಅದಕ್ಕೆ ಗೊತ್ತಿಲ್ಲ. ಆ ವಯಸ್ಸಿನಲ್ಲಿ ನನಗೆ ಅದು ಎಲ್ಲಕ್ಕಿಂತ ಭಯಂಕರವಾಗಿ ಕಂಡಿತು. ಈಗಲೂ ಹಾಗೇ ಕಾಣುತ್ತದೆ.

ಇಪ್ಪತ್ತೊಂಬತ್ತು ಕಳೆದರೆ ಮುಗಿಯಿತು ಅನ್ನುವ ಹಾಗೂ ಇರಲಿಲ್ಲ. ಅಷ್ಟು ಹತ್ತಿರದಿಂದ ಹಾಯುವಾಗ ಭೂಮಿಯ ಸೆಳೆತಕ್ಕೆ ಅದರ ದಾರಿಯೇ ಬಾಗುತ್ತದೆ. ಹಾಗೆ ಹಾಯುವಾಗ ಆಕಾಶದ ಒಂದು ಕಿರಿದಾದ ಜಾಗದೊಳಗಿಂದ ನುಸುಳಿತೋ, ಮೂವತ್ತಾರನೇ ಇಸವಿಯಲ್ಲಿ ಮರಳಿ ಬಂದು ಬಡಿಯಬಹುದು ಎಂದು ಬಲ್ಲವರು ಹೇಳುತ್ತಿದ್ದರು. ಸಂಭವ ತೀರಾ ಕಡಿಮೆ, ಸಾವಿರಾರರಲ್ಲಿ ಒಂದು. ಮಾಮ ಮತ್ತೆ ಬೆರಳು ಮಡಿಸಿದರು. ಮೂವತ್ತಾರರಲ್ಲಿ ಅವಳಿಗೆ ಮಕ್ಕಳಿರುತ್ತವೆ ಅಂದರು.

ಹೀಗೆ ವರ್ಷಗಳು ಹೋದವು. ನಾನು ಡಿಗ್ರಿ ಮುಗಿಸಿ, ಎಂಎಸ್ಸಿ ಮುಗಿಸಿ, ಹರಿಹರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಲು ಸೇರಿದೆ. ದಿನಾ ದಾವಣಗೆರೆಯಿಂದ ಬಸ್ಸಿನಲ್ಲಿ ಹೋಗಿ ಬರುವುದು. ಮಾಮನ ಮಗಳು ಒಂದನೇ ಕ್ಲಾಸಿಗೆ ಸೇರಿದ್ದಳು. ಕನ್ನಡದಲ್ಲೂ ಸುದ್ದಿ ಚಾನೆಲ್‌ಗಳು ಸಾಲುಸಾಲಾಗಿ ಬಂದಿದ್ದವು. ಒಂದು ಸಂಜೆ ಅದರಲ್ಲೊಂದು, ಬೆಂಕಿಯ ಅಕ್ಷರ, ತಮಟೆಯ ಸದ್ದು ಎಲ್ಲ ಹಾಕಿಕೊಂಡು ಆ ಕಲ್ಲಿನ ಮೇಲೆ ಒಂದು ತಾಸಿನ ಕಾರ್ಯಕ್ರಮ ಮಾಡಿತು. ಭೂಮಿ ಹೋಳಾಗುವ ಚಿತ್ರವನ್ನೇ ತಿರುಗಾ ಮುರುಗಾ ತೋರಿಸಿದರು. ನಡುವೆ ಒಬ್ಬ ಜ್ಯೋತಿಷಿ ಬಂದು ಕಣ್ಣರಳಿಸಿ ಏನೇನೋ ಹೇಳಿದ. ನಮ್ಮ ಬೀದಿಯಲ್ಲಿ ಹೆಂಗಸರು ಹೊರಗೆ ಬಂದು ಗುಂಪುಗೂಡಿದರು. ಒಬ್ಬರು ಅಳುತ್ತಿದ್ದರು. ಮಕ್ಕಳಿಗೆ ಏನು ಬೇಕೋ ಅದನ್ನು ತಿನ್ನಿಸಿಬಿಡಿ ಅಂತ ಇನ್ನೊಬ್ಬರು ಅಂದದ್ದು ನೆನಪಿದೆ. ಅಷ್ಟರಲ್ಲಿ ಎಲ್ಲರ ಮನೆಯಲ್ಲೂ ಆ ಚಾನೆಲ್ ಫಕ್ಕನೆ ಹೋಯಿತು. ಪರದೆಯ ಮೇಲೆ ಬರೀ ಕಾಳು ಕಾಳು.

ಜನ ಮಾಮನ ಮನೆಯ ಮುಂದೆ ಸೇರಿದರು. "ಏನ್ರೀ, ಇಷ್ಟೊತ್ತು ನೋಡ್ತಿದ್ವಿ, ಕರೆಕ್ಟಾಗಿ ಕೊನಿಗೆ ಬಂದಾಗ ಯಾಕ ಕಿತ್ರಿ?" ಅಂತ ಕೇಳಿದರು.

"ಡಿಶ್‌ನಾಗೆ ಏನೋ ಪ್ರಾಬ್ಲಂ ಆಗೈತ್ರಿ. ನಾಳಿಗೆ ಸರಿ ಮಾಡ್ತೀನಿ, ಹೋಗ್ರಿ" ಅಂದರು ಮಾಮ. ನಾಳೆಗೂ ಸರಿಯಾಗಲಿಲ್ಲ, ಆ ವಾರವೆಲ್ಲ ಸರಿಯಾಗಲಿಲ್ಲ. ಬೈಸಿಕೊಂಡರು. ಕೆಲವರು ಲೈನು ಬಿಡಿಸಿ ಬೇರೆಯವರ ಕಡೆ ಹೋದರು.

ಎರಡು ದಿನ ಬಿಟ್ಟು ಅತ್ತೆ ನನ್ನನ್ನು ಕರೆದರು. ಮಗಳು ಮಂಚದ ಕೆಳಗೆ ಸೇರಿಕೊಂಡಿದ್ದಳು. ಸ್ಕೂಲಿಗೆ ಹೋಗಲಿಲ್ಲ, ಅಂಗಳಕ್ಕೂ ಇಳಿಯಲಿಲ್ಲ, ಬಚ್ಚಲಿಗೆ ಹೋಗಬೇಕಾದರೂ ಕೊಡೆ ಹಿಡಿದುಕೊಂಡು ಹೋಗುತ್ತಿದ್ದಳು. ಬಟ್ಟಲಲ್ಲಿ ಕಲಸಿದ ಅನ್ನ ಒಣಗಿತ್ತು. ನಾನು ನೆಲದ ಮೇಲೆ ಮಲಗಿ ಮಂಚದ ಕೆಳಗೆ ಮುಖ ಹಾಕಿ, "ಟಿ.ವಿ.ಯಾಗೆ ತೋರಿಸಿದ್ದೆಲ್ಲ ಸುಳ್ಳು ಪುಟ್ಟ" ಅಂದೆ.

ಅವಳು ತಲೆ ಅಲ್ಲಾಡಿಸಿ ಅಂದಳು, "ಟಿ.ವಿ. ನೋಡಿ ಅಲ್ಲ ಅಕ್ಕ. ಅಪ್ಪ ದಿನಾ ಮಾಳಿಗಿ ಮ್ಯಾಲೆ ನಿಂತು ಅದು ಬಂತೇನೋ ಅಂತ ನೋಡ್ತಾನೆ. ನಾನು ನೋಡೀನಿ. ಅಪ್ಪಂಗೆ ಹೆದರಿಕಿ ಆಗ್ತೈತೆ."

ಮಾಮ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಅವಳಿಗೆ ತಂದ ಬ್ರೆಡ್ಡಿತ್ತು. ತಮ್ಮ ಎದೆಯಲ್ಲಿದ್ದುದು ಅಷ್ಟು ಸಣ್ಣ ಮೈಯೊಳಗೆ ಹೇಗೆ ಹೋಗಿ ಕೂತಿತು ಅಂತ ನೋಡುತ್ತಿದ್ದವರ ಹಾಗಿದ್ದರು. ಅವರ ಆ ಮುಖ ನನಗೆ ಈಗಲೂ ಕಾಣುತ್ತದೆ.

ಆ ಭಾನುವಾರ ನಮ್ಮನ್ನೆಲ್ಲ ಹರಿಹರಕ್ಕೆ ಕರೆದುಕೊಂಡು ಹೊರಟರು. ಅತ್ತೆ, ಮಗಳು, ನಾನು. ಮಗಳು ಕೊಡೆ ಬಿಡಲಿಲ್ಲ. ಬಸ್ಸಿನಲ್ಲಿ ಅದನ್ನು ಮಡಿಸಿ ತಬ್ಬಿಕೊಂಡು ಕೂತಳು, ಇಳಿದ ಕೂಡಲೇ ಬಿಚ್ಚಿದಳು. ದೇವಸ್ಥಾನಕ್ಕೆ ಹೋಗಿ ಹರಿಹರೇಶ್ವರನಿಗೆ ಕೈಮುಗಿದು, ಅಲ್ಲಿಂದ ಹೊಳೆಯ ಕಡೆಗೆ ನಡೆದೆವು. ಬೇಸಿಗೆ. ತುಂಗಭದ್ರೆ ಸೊರಗಿ ಒಂದು ಮಗ್ಗುಲಿಗೆ ಹರಿಯುತ್ತಿದ್ದಳು, ಉಳಿದದ್ದೆಲ್ಲ ಬಂಡೆ ಮತ್ತು ಮರಳು. ಮೇಲೆ ಎತ್ತ ನೋಡಿದರೂ ಆಕಾಶ. ದಾವಣಗೆರೆಯ ನಮ್ಮ ಬೀದಿಯಲ್ಲಿ ಅಷ್ಟು ಆಕಾಶ ಇರಲಿಲ್ಲ. ಮಗು ಮರಳಿಗೆ ಕಾಲಿಡದೆ ದಂಡೆಯ ಮೇಲೆ ನಿಂತುಬಿಟ್ಟಿತು.

ಮಾಮ ಒಬ್ಬರೇ ಮರಳಿನ ನಡುವಿಗೆ ಹೋದರು. ಅಂಗಾತ ಮಲಗಿದರು. ಕೈಕಾಲು ಚಾಚಿಕೊಂಡು, ಮೇಲೆ ನೋಡುತ್ತಾ, ಹೊಳೆಯ ಆಚೆ ದಂಡೆಗೆ ಕೇಳಿಸುವಂತೆ ಕೂಗಿದರು. "ಬಾರೋ ಕಲ್ಲೇ! ಬಾ ನೋಡಾಣ! ಎಲ್ಲಿದೀಯೋ, ಬಾರೋ!"

ಬಟ್ಟೆ ಒಗೆಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅತ್ತೆ ನಾಚಿಕೆಯಿಂದ ಸೆರಗು ಬಾಯಿಗೆ ಒತ್ತಿಕೊಂಡರು. ಮಾಮ ನಗುತ್ತಿದ್ದರು, ಹೊಟ್ಟೆ ಕುಣಿಯುವ ಹಾಗೆ ನಗುತ್ತಿದ್ದರು. "ಬರಂಗಿಲ್ಲಂತೆ ಕಣವ್ವ! ನನ್ನ ಕಂಡ್ರೆ ಅದಕ್ಕೇ ಹೆದರಿಕಿ!" ಅಂತ ಮಗಳಿಗೆ ಕೂಗಿ ಹೇಳಿದರು.

ಮಗು ಒಂದೊಂದೇ ಹೆಜ್ಜೆ ಇಟ್ಟಿತು. ಕೊಡೆಯ ಜೊತೆಗೇ ಹೋಗಿ ಅಪ್ಪನ ಪಕ್ಕ ಕೂತಿತು. ಸ್ವಲ್ಪ ಹೊತ್ತಿಗೆ ಕೊಡೆಯನ್ನು ಪಕ್ಕಕ್ಕಿಟ್ಟಿತು. ಆಮೇಲೆ ತಾನೂ ಮಲಗಿ, ಸಣ್ಣ ದನಿಯಲ್ಲಿ "ಬಾರೋ ಕಲ್ಲೇ" ಅಂದಿತು. ಅಂದು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿತು. ಏನೂ ಬರಲಿಲ್ಲ. ಕಣ್ಣು ಬಿಟ್ಟು ನಕ್ಕಿತು.

ನಾನು ಮಾಮನ ಇನ್ನೊಂದು ಮಗ್ಗುಲಿಗೆ ಕೂತಿದ್ದೆ. ಮಗಳಿಗೆ ಕಾಣದ ಆ ಕಡೆಯ ಕೈ ಮರಳೊಳಗೆ ಮಣಿಕಟ್ಟಿನವರೆಗೂ ಹೂತಿತ್ತು. ಮುಷ್ಟಿ ಬಿಗಿದಿತ್ತು. ಕಿವಿಯ ಹಿಂದಿನಿಂದ ಬೆವರು ಇಳಿದು ಮರಳಿಗೆ ಬೀಳುತ್ತಿತ್ತು. ಬಾಯಿ ಮಾತ್ರ ನಗುತ್ತಲೇ ಇತ್ತು. ಹೊತ್ತು ಮುಳುಗಿ ಪಡುವಣದಲ್ಲಿ ಒಂದು ಚುಕ್ಕಿ ಹೊಳೆದಾಗ ಮಗಳು ಕೈಮಾಡಿ, "ಅಪ್ಪ, ಅದೇನಾ?" ಅಂದಳು. ಮಾಮನ ನಗು ಅಲ್ಲೇ ನಿಂತಿತು. ಅವರು ಅವಳ ಕಡೆ ತಿರುಗಲಿಲ್ಲ, ನನ್ನ ಕಡೆ ತಿರುಗಿದರು. ಅಷ್ಟು ಬೆತ್ತಲೆ ಭಯವನ್ನು ನಾನು ದೊಡ್ಡವರ ಕಣ್ಣಲ್ಲಿ ಅದಕ್ಕೆ ಮುಂಚೆ ನೋಡಿರಲಿಲ್ಲ. "ಶುಕ್ರ ಅದು, ಮಾಮ. ಬರೀ ಶುಕ್ರ" ಅಂದೆ. ಅವರು ಉಸಿರು ಬಿಟ್ಟು, ಮತ್ತೆ ನಗು ಹಚ್ಚಿಕೊಂಡು, "ಕೇಳ್ಸ್ಕಂಡ್ಯಾ? ಶುಕ್ರ ಅಂತೆ!" ಅಂದರು.

ಮಾರನೆಯ ದಿನ ಹುಡುಗಿ ಕೊಡೆ ಬಿಟ್ಟು ಸ್ಕೂಲಿಗೆ ಹೋದಳು. ಮಾಮ ಮುಂದೆಂದೂ ಮಗಳಿಗೆ ಕಾಣುವ ಹಾಗೆ ಆಕಾಶ ನೋಡಲಿಲ್ಲ.

ಆದರೆ ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ. ಮನೆಮನೆಗೂ ಸಣ್ಣ ಡಿಶ್‌ಗಳು ಬಂದು ಅವರ ಕೇಬಲ್ ಕೆಲಸ ಕುಸಿದಾಗ, ಅವರು ಸಂಸಾರ ಸಮೇತ ಹರಿಹರಕ್ಕೆ ಹೋಗಿ ಟಿ.ವಿ., ಮಿಕ್ಸಿ ರಿಪೇರಿಯ ಅಂಗಡಿ ಹಾಕಿದರು. ನನ್ನ ಕಾಲೇಜೂ ಅಲ್ಲೇ. ಬಸ್ಸಿಗೆ ಹೋಗುವ ಮೊದಲು ಅಂಗಡಿಗೆ ಹೋದರೆ, ಗಿರಾಕಿಗಳು ಹೋಗುವ ತನಕ ಕಾಯಿಸಿ, "ಏನಂತವ್ವ ಸಮಾಚಾರ?" ಅನ್ನುತ್ತಿದ್ದರು. ಮೂವತ್ತಾರರಲ್ಲೂ ಬಡಿಯುವುದಿಲ್ಲ ಎಂದು ಗೊತ್ತಾದ ವರ್ಷ ಓಡೋಡಿ ಹೋಗಿ ಹೇಳಿದೆ. "ಅದರ ಮುಂದ?" ಅಂದರು. ಅರವತ್ತೆಂಟನೇ ಇಸವಿಯ ಬಗ್ಗೆ ಇನ್ನೂ ಪೂರ್ತಿ ಹೇಳಲು ಬರುವುದಿಲ್ಲವಂತೆ ಅಂದೆ. ಅವರು ಬೆರಳು ಮಡಿಸಿದರು. ನಾನೂ ಒಳಗೊಳಗೇ ಮಡಿಸಿದೆ. ಅಷ್ಟು ಹೊತ್ತಿಗೆ ನಾವಿಬ್ಬರೂ ಇರುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಆದರೂ ಹೆದರುತ್ತಿದ್ದೆವು. ನಾನು ಹೆದರುತ್ತೇನೆಂದು ಅವರೊಬ್ಬರಿಗೆ ಬಿಟ್ಟರೆ ಇನ್ಯಾರಿಗೂ ಹೇಳಿದ್ದಿಲ್ಲ. ಕ್ಲಾಸಿನಲ್ಲಿ ಮಕ್ಕಳು ಕೇಳಿದರೆ ಬೋರ್ಡಿನ ಮೇಲೆ ದಾರಿ ಬರೆದು, ಗಟ್ಟಿ ದನಿಯಲ್ಲಿ, ಏನೂ ಆಗುವುದಿಲ್ಲ ಅನ್ನುತ್ತಿದ್ದೆ.

ಆಮೇಲೆ ಆ ವರ್ಷ ಬಂತು, ಮೊದಲ ಲಾಕ್‌ಡೌನ್ ಕಳೆದು ಎಲ್ಲರೂ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಓಡಾಡುತ್ತಿದ್ದ ವರ್ಷ. ಆ ಕಲ್ಲು ನಮ್ಮಿಂದ ಬಹಳ ದೂರದಲ್ಲಿ ಹಾದು ಹೋಗುವಾಗ ರೇಡಾರಿನಿಂದ ಅದನ್ನು ಅಳೆದರು. ಮಾರ್ಚ್ ಕೊನೆಗೆ ಸುದ್ದಿ ಬಂತು. ಮುಂದಿನ ನೂರು ವರ್ಷವಾದರೂ ಅದರಿಂದ ಭೂಮಿಗೆ ಅಪಾಯವಿಲ್ಲ. ಅರವತ್ತೆಂಟೂ ಇಲ್ಲ, ಯಾವುದೂ ಇಲ್ಲ.

ಮಧ್ಯಾಹ್ನದ ಕ್ಲಾಸು ಮುಗಿಸಿ ನಡೆದುಕೊಂಡೇ ಅಂಗಡಿಗೆ ಹೋದೆ. ಅವರು ಬಿಚ್ಚಿದ ಮಿಕ್ಸಿಯ ಮೇಲೆ ಬಗ್ಗಿದ್ದರು. ತಲೆ ಪೂರಾ ಬೆಳ್ಳಗಾಗಿತ್ತು. "ಮಾಮ, ನೂರು ವರ್ಷ ಏನೂ ಇಲ್ಲವಂತೆ. ಮುಗೀತು" ಅಂದೆ.

ಅವರು ತಲೆ ಎತ್ತಲಿಲ್ಲ. ಸ್ಕ್ರೂಡ್ರೈವರ್ ಮಾತ್ರ ಕೈಯಲ್ಲಿ ನಿಂತಿತು. ಹೊರಗೆ ಒಂದು ಲಾರಿ ಹಾರ್ನ್ ಹೊಡೆದು ಹೋಯಿತು.

"ನೂರು ವರ್ಷ ಆದ ಮ್ಯಾಲೆ?" ಅಂದರು.

ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ ಬಂತು. ನಕ್ಕು ನಕ್ಕು ಕಣ್ಣಲ್ಲಿ ನೀರು ತುಂಬಿ, ಗ್ರೀಸ್ ಹತ್ತಿದ ಕೈಯಲ್ಲೇ ಒರೆಸಿಕೊಂಡರು. "ಆತು ಬಿಡವ್ವ. ಇವತ್ತೊಂದಿನ ನಿದ್ದಿ ಮಾಡ್ತೀನಿ" ಅಂದರು. ಹೋಟೆಲಿನಿಂದ ಚಹಾ ತರಿಸಿದರು. ಇಪ್ಪತ್ತೊಂಬತ್ತರಲ್ಲಿ ಅದು ಬರಿಗಣ್ಣಿಗೇ ಚುಕ್ಕಿಯ ಹಾಗೆ ಕಾಣಬಹುದು, ಅದರ ನಡಿಗೆಯೂ ತಿಳಿಯಬಹುದು ಅಂತ ಹೇಳಿದಾಗ, "ಹಂಗಾರೆ ಕಣ್ತುಂಬ ನೋಡ್ಬೇಕು ಅದನ್ನ" ಅಂದರು. ಅಷ್ಟು ಹಗುರಾಗಿ ಅವರು ಮಾತಾಡಿದ್ದನ್ನು ನಾನು ಬಹಳ ವರ್ಷಗಳ ನಂತರ ಕೇಳಿದ್ದೆ.

ತಿಂಗಳೊಪ್ಪತ್ತಿನಲ್ಲಿ ಎರಡನೇ ಅಲೆ ಬಂತು. ಊರಲ್ಲಿ ಬೇರೆ ಸದ್ದೇ ಇಲ್ಲ, ಆಂಬುಲೆನ್ಸ್ ಒಂದೇ. ಬೀದಿಯಲ್ಲಿ ಯಾರಾದರೂ ಕೆಮ್ಮಿದರೆ ಕಿಟಕಿಗಳು ಮುಚ್ಚಿಕೊಳ್ಳುತ್ತಿದ್ದವು. ಮಾಮನಿಗೆ ಮೊದಲು ಜ್ವರ, ಆಮೇಲೆ ಉಸಿರು. ದಾವಣಗೆರೆಯ ಆಸ್ಪತ್ರೆಗೆ ತಂದರು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಅತ್ತೆ ಮತ್ತು ಮಗಳು ನಮ್ಮ ಮನೆಯಲ್ಲೇ ಇಳಿದುಕೊಂಡಿದ್ದರು. ಹುಡುಗಿಗೆ ಆಗ ಹದಿನಾರು. ಫೋನ್ ಬಂದಾಗಲೆಲ್ಲ ಮಾಮ ಅವರಿಬ್ಬರ ಜೊತೆ ಏನೂ ಆಗಿಲ್ಲದವರಂತೆ ಎರಡು ಮಾತಾಡುತ್ತಿದ್ದರು. "ಉಂಡ್ರಾ? ಬಿಸಿನೀರು ಕುಡೀರಿ."

ಒಂದು ಬೆಳಿಗ್ಗೆ ನನ್ನ ಫೋನಿಗೇ ಬಂತು. ದನಿ ಗುರುತು ಹತ್ತಲಿಲ್ಲ. ಒಂದೊಂದು ಪದಕ್ಕೂ ಉಸಿರು ಎಳೆದುಕೊಳ್ಳುತ್ತಿದ್ದರು.

"ಪುಟ್ಟಿ... ಹೆದರಿಕಿ ಆಗ್ತೈತವ್ವ. ಮನ್ಯಾಗೆ ಹೇಳ್ಬ್ಯಾಡ."

ಇಲ್ಲ ಮಾಮ, ಹೇಳಲ್ಲ ಅಂದೆ. ಇನ್ನೂ ಏನಾದರೂ ಹೇಳಬೇಕಿತ್ತು. ಅಷ್ಟು ವರ್ಷ ಅವರಿಗೆ ಇದು ಬರುವುದಿಲ್ಲ, ಅದು ಬಡಿಯುವುದಿಲ್ಲ ಅಂತ ಹೇಳಿದವಳ ಬಾಯಲ್ಲಿ ಆ ಹೊತ್ತು ಒಂದು ಮಾತೂ ಇರಲಿಲ್ಲ. ಆ ಕಡೆ ಉಸಿರಿನ ಸದ್ದು, ಯಂತ್ರದ ಸದ್ದು. ನಮ್ಮಿಬ್ಬರ ಪೈಕಿ ಯಾರೂ ಫೋನ್ ಇಡಲಿಲ್ಲ. ಕೊನೆಗೆ ಅದೇ ಕಟ್ಟಾಯಿತು. ಅದರ ಮಾರನೆಯ ದಿನ ಅವರು ಹೋದರು. ಮುಖವನ್ನೂ ಸರಿಯಾಗಿ ನೋಡಲು ಆಗಲಿಲ್ಲ...

ಈಗ ಮಗಳು ಓದಿನ ಕೊನೆಯ ವರ್ಷದಲ್ಲಿದ್ದಾಳೆ. ಹರಿಹರದಿಂದ ದಾವಣಗೆರೆಯ ಕಾಲೇಜಿಗೆ ದಿನಾ ಬಂದು ಹೋಗುತ್ತಾಳೆ, ಅತ್ತೆ ಅಂಗಡಿಯನ್ನು ಬಾಡಿಗೆಗೆ ಕೊಟ್ಟು ಹೊಲಿಗೆ ಕೆಲಸ ಮಾಡುತ್ತಿದ್ದಾರೆ. ಮನೆಗೆ ಬಣ್ಣ ಮುಗಿದ ದಿನ ಅವಳು ನೋಡಲು ಬಂದಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, "ಅಕ್ಕ, ಇಪ್ಪತ್ತೊಂಬತ್ತಕ್ಕೆ ಆ ಕಲ್ಲು ಬರ್ತೈತಲ್ಲ, ಎಲ್ಲಾ ಫೋನ್‌ನಾಗೂ ಅದೇ ಐತೆ. ನಾವು ಹೊಳಿ ದಂಡಿಗೆ ಹೋಗಿ ನೋಡಾಣ" ಅಂದಳು.

ಹೂಂ, ಹೋಗೋಣ ಅಂದೆ.

ಚಹಾ ಕುಡಿಯುತ್ತಾ ಅವಳು ತನ್ನಷ್ಟಕ್ಕೇ ನಕ್ಕಳು. "ನಾನು ಸಣ್ಣಾಕಿ ಇದ್ದಾಗ ಅಪ್ಪ ಮರಳಾಗೆ ಮಲಗಿ ಅದನ್ನ ಕೂಗಿ ಕರೆದಿದ್ದ, ನೆನಪೈತಾ? ಎಲ್ರೂ ನೋಡ್ತಿದ್ರು." ಲೋಟ ಕೆಳಗಿಟ್ಟು ಅಂದಳು, "ಅಪ್ಪಂಗೆ ಯಾವುದಕ್ಕೂ ಹೆದರಿಕಿನೇ ಇರ್ಲಿಲ್ಲ, ಅಲ್ಲೇನಕ್ಕ?"

"ಇರ್ಲಿಲ್ಲ" ಅಂದೆ.

ಅವಳು ಲೋಟ ತೊಳೆದಿಟ್ಟು, ದುಪಟ್ಟಾ ಸರಿಮಾಡಿಕೊಂಡು, ಬಸ್ಸಿನ ಹೊತ್ತಾಯಿತೆಂದು ಹೊರಟಳು. ನಾನು ಬಾಗಿಲಿಗೆ ಬಂದು ನಿಂತೆ. ಆಟೋಗಳು, ಬೈಕುಗಳು, ಗ್ಯಾಸಿನ ಗಾಡಿ, ಅವುಗಳ ನಡುವೆ ಅವಳು ಕಿವಿಗೆ ಫೋನ್ ಹಚ್ಚಿಕೊಂಡು, ಆಚೀಚೆ ನೋಡದೆ ರಸ್ತೆ ದಾಟುತ್ತಿದ್ದಳು. ಆ ಕಲ್ಲಿನ ಲೆಕ್ಕ ನನಗೆ ಚೆನ್ನಾಗಿ ಗೊತ್ತು. ಅದು ಬಡಿಯುವುದಿಲ್ಲ. ಆದರೂ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದೆ. ಈ ಹೆದರಿಕೆಯನ್ನು ಹೇಳಿಕೊಳ್ಳಲು ನನಗಿದ್ದವರು ಮಾಮ ಒಬ್ಬರೇ.

"ಮುಟ್ಟಿದ ಮ್ಯಾಲೆ ಫೋನ್ ಮಾಡೇ!" ಅಂತ ಕೂಗಿದೆ. ಅವಳು ತಿರುಗದೆಯೇ ಕೈಯೆತ್ತಿ ಬೀಸಿದಳು.